ಮೀಟರ್ ಕಡೆಯಿಂದ ಕಂಡ ಮನೆಗಳು

ನನ್ನದು ಚಿತ್ರಗಳಿಗೆ ಕಟ್ಟು ಹಾಕುವ ಅಂಗಡಿ. ಒಂದು ಸಣ್ಣ ಕೋಣೆ, ಒಂದು ಉದ್ದನೆಯ ಮೇಜು, ಗರಗಸ, ಗಾಜು ಕೊಯ್ಯುವ ಕಡ್ಡಿ, ಗೋಡೆಗೆ ಒರಗಿಸಿಟ್ಟ ನಲವತ್ತು ಬಗೆಯ ಮರದ ಪಟ್ಟಿಗಳು. ಇಪ್ಪತ್ತು ವರ್ಷಗಳಲ್ಲಿ ನಾನು ಕಟ್ಟು ಹಾಕದ ಚಿತ್ರವಿಲ್ಲ. ಮದುವೆಯ ಜೋಡಿ, ಪದವಿ ಪತ್ರ, ಜಲಪಾತ, ಬುಟ್ಟಿಯಲ್ಲಿ ಕೂತ ಬೆಕ್ಕಿನ ಮರಿ, ಎಲ್ಲಕ್ಕೂ ಹಾಕಿದ್ದೇನೆ. ಚಿತ್ರ ಚೆನ್ನಾಗಿದೆಯೋ ಇಲ್ಲವೋ ಎಂದು ಗಿರಾಕಿಗೆ ಹೇಳುವುದು ನನ್ನ ಕೆಲಸವಲ್ಲ. ಆದರೆ ಚಿಕ್ಕಮ್ಮ ತನ್ನ ಮೊದಲ ಚಿತ್ರವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದು ನನ್ನ ಮೇಜಿನ ಮೇಲೆ ಬಿಚ್ಚಿದ ದಿನ ಸುಮ್ಮನಿರಲು ನನ್ನಿಂದ ಆಗಲಿಲ್ಲ.

“ಇದೇನಿದು?”

“ಮನೆ. ಕಾಣಲ್ವಾ?”

“ಬಾಗಿಲೆಲ್ಲಿ?”

“ಆ ಕಡೆ ಇದೆ.”

“ಆ ಕಡೆ ಅಂದ್ರೆ ಎಲ್ಲಿ? ಹಾಳೆ ಇಲ್ಲಿಗೇ ಮುಗೀತಲ್ಲ!”

“ಮನೆ ಅಂದ್ಮೇಲೆ ಬಾಗಿಲು ಇದ್ದೇ ಇರುತ್ತೆ ಕಣೇ. ಅದನ್ನೂ ಬರೆದು ತೋರಿಸ್ಬೇಕಾ?”

ಹಾಳೆಯ ತುಂಬ ಒಂದು ತಿಳಿ ಹಳದಿ ಗೋಡೆ. ಮೇಲಿನಿಂದ ಕೆಳಗಿನವರೆಗೆ ಇಳಿದ ಒಂದು ಕೊಳವೆ, ಅದರ ಪಕ್ಕದಲ್ಲಿ ತೇವದ ಕಲೆ. ಹಿಡಿ ಕಿತ್ತುಹೋದ ಬಕೆಟ್ಟು ಬೋರಲು ಬಿದ್ದಿದೆ. ಮೂರು ಕಾಲಿನ ಕುರ್ಚಿಯೊಂದು ನಾಲ್ಕನೆಯ ಕಾಲಿನ ಬದಲು ಇಟ್ಟಿಗೆ ಇಟ್ಟುಕೊಂಡು ನಿಂತಿದೆ. ಇವೆಲ್ಲದರ ನಡುವೆ, ಮನೆಯ ಯಜಮಾನನೇ ತಾನೆಂಬಂತೆ, ಒಂದು ಕರೆಂಟಿನ ಮೀಟರು. ಅದರೊಳಗೆ ಐದು ಅಂಕಿಗಳು, ಒಂದೊಂದೂ ಮುತ್ತು ಪೋಣಿಸಿದ ಹಾಗೆ.

ನಮ್ಮ ಚಿಕ್ಕಮ್ಮ ಮೂವತ್ತೊಂದು ವರ್ಷ ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದಿದವಳು. ನನ್ನ ಅಮ್ಮನ ಬೆನ್ನಿಗೇ ಹುಟ್ಟಿದ ತಂಗಿ. ಬೂದು ಬಣ್ಣದ ಕೋಟು, ಹೆಗಲಿಗೆ ಚೀಲ, ಕೈಯಲ್ಲಿ ಉದ್ದನೆಯ ಪುಸ್ತಕ, ಕಿವಿಯ ಮೇಲೆ ಪೆನ್ನು. ಊರಿನ ಅಂಚಿನಲ್ಲಿ ಒಂದೇ ಅಳತೆಯ ಮನೆಗಳು ಸಾಲು ಸಾಲಾಗಿ ನಿಂತ ಬಡಾವಣೆ ಅವಳ ಪಾಲಿಗೆ ಬಂದಿತ್ತು. ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಸುತ್ತುತ್ತಿದ್ದಳು. ಆ ಬಡಾವಣೆಯ ಯಾರ ಹೆಸರೂ ಅವಳಿಗೆ ಗೊತ್ತಿಲ್ಲ, ಎಲ್ಲರ ನಂಬರೂ ಗೊತ್ತು. “ನಲವತ್ತೇಳಕ್ಕೆ ಮೊಮ್ಮಗ ಹುಟ್ಟಿದ,” “ಎಂಬತ್ತಕ್ಕೂ ಎಂಬತ್ತೊಂದಕ್ಕೂ ಮಾತಿಲ್ಲ,” ಎಂದೆಲ್ಲ ಹೇಳುವಾಗ ಹೊಸಬರು ಕೇಳಿದರೆ ಲೆಕ್ಕದ ಟೀಚರು ಎಂದುಕೊಳ್ಳಬೇಕು.

ಮೀಟರು ಇರುವುದು ಮನೆಯ ಪಕ್ಕದ ಸಂದಿಯಲ್ಲಿ. ನೆಂಟರು ಬರುವುದು ಮುಂದಿನಿಂದ, ಅವರಿಗೆ ಹೂವಿನ ಕುಂಡ, ಒರೆಸಿದ ಮೆಟ್ಟಿಲು, ಹೆಸರಿನ ಫಲಕ. ಮನೆಯವರು ನೆಂಟರಿಗೆ ಕಾಣಬಾರದು ಎಂದು ಅಂದುಕೊಂಡದ್ದೆಲ್ಲ ಸಂದಿಗೆ ಬರುತ್ತದೆ. ತುಕ್ಕು ಹಿಡಿದ ತ್ರಿಚಕ್ರ ಸೈಕಲ್ಲು, ನೆಲ ಒರೆಸುವ ಬಟ್ಟೆ, ಒಡೆದ ಕನ್ನಡಿ, ಯಾರೂ ಎಸೆಯಲು ಒಪ್ಪದ ತೊಟ್ಟಿಲು. ಚಿಕ್ಕಮ್ಮ ಮೂವತ್ತೊಂದು ವರ್ಷ ನೋಡಿದ್ದು ಇವನ್ನೇ. ನಿವೃತ್ತಿಯಾಗಿ ಮಗಳ ಮನೆಯಲ್ಲಿ ಕೈಕಾಲು ಕಟ್ಟಿಹಾಕಿದವಳಂತೆ ಚಡಪಡಿಸುತ್ತಿದ್ದಾಗ ಮಗಳು, ಅಂದರೆ ನನ್ನ ತಂಗಿ, ಒಂದು ಬಣ್ಣದ ಪೆಟ್ಟಿಗೆ ತಂದುಕೊಟ್ಟಳು. ಹೂವು ಹಣ್ಣು ಬರೆಯಲಿ ಎಂದು ಅವಳ ಆಸೆ. ಚಿಕ್ಕಮ್ಮ ಹಾಳೆಯ ನಡುವೆ ಒಂದು ಮೀಟರು ಬರೆದಳು. ಆಮೇಲೆ ಅದರ ಸುತ್ತ ಮನೆ ತಾನಾಗಿ ಬಂತು.

ಅವಳ ಕ್ರಮವೇ ಅದು. ಮೊದಲು ಮೀಟರು, ಅದರಲ್ಲಿ ಅಂಕಿ. ಅಂಕಿ ಬರೆದು ಕಣ್ಣು ಮುಚ್ಚಿ ಒಂದು ಗಳಿಗೆ ಕೂತರೆ ಬಕೆಟ್ಟು, ಏಣಿ, ಚಪ್ಪಲಿ ಒಂದೊಂದಾಗಿ ಸಾಲು ಹಿಡಿದು ಬರುತ್ತವಂತೆ. “ನಾನೇನೂ ಬರೆಯಲ್ಲ, ಅವೇ ಬಂದು ನಿಂತ್ಕೊಳ್ತವೆ,” ಎನ್ನುತ್ತಿದ್ದಳು. ದೊಡ್ಡ ಕಲಾವಿದರ ಮಾತಿನ ಹಾಗಿದೆಯಲ್ಲ ಎಂದು ನಾನು ಮೂಗು ಮುರಿದಿದ್ದೆ.

ಮೂಗು ಮುರಿದರೂ ಆ ಚಿತ್ರಕ್ಕೆ ತೆಳುವಾದ ಕಪ್ಪು ಪಟ್ಟಿಯ ಕಟ್ಟು ಹಾಕಿ ಅಂಗಡಿಯ ಮುಂದೆ ತೂಗುಹಾಕಿದೆ. ಚಿಕ್ಕಮ್ಮನ ಮೇಲಿನ ಪ್ರೀತಿಯಿಂದಲ್ಲ, ಅಲ್ಲಿನ ಮೊಳೆ ಖಾಲಿಯಿತ್ತು. ಆಮೇಲೆ ಇನ್ನೊಂದು ತಂದಳು, ಮತ್ತೊಂದು ತಂದಳು. ನನ್ನ ಜಲಪಾತಗಳೆಲ್ಲ ಒಳಗೆ ಹೋದವು.

ಮೂರನೆಯ ವಾರ ಒಬ್ಬರು ನಿವೃತ್ತ ಹೆಡ್ ಮಾಸ್ತರು ಅಂಗಡಿಯ ಮುಂದೆ ಗಕ್ಕನೆ ನಿಂತರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಇದು ನಮ್ಮನೆ!” ಎಂದರು. “ಅರವತ್ತೆರಡು. ಅದು ನಮ್ಮ ಏಣಿ! ಹನ್ನೆರಡು ಮೆಟ್ಟಿಲು, ಮೇಲಿಂದ ಎರಡನೆಯದು ತಂತಿ ಸುತ್ತಿದ್ದು. ನೋಡಿ, ತಂತಿ ಕೂಡ ಇದೆ!”

ವಿಷಯವೇನೆಂದರೆ, ಆ ಏಣಿ ಹದಿನಾಲ್ಕು ವರ್ಷದ ಹಿಂದೆ ಪಕ್ಕದ ಅರವತ್ತಮೂರಕ್ಕೆ ಎರವಲು ಹೋಗಿ ಅಲ್ಲಿಯೇ ನೆಲೆಸಿತ್ತು. ಏಣಿ ತಮ್ಮದೇ ಎಂದು ಅರವತ್ತಮೂರರವರು ಹಟ ಹಿಡಿದಿದ್ದರು. ಮಾಸ್ತರು ಅವರನ್ನು ಅಲ್ಲಿಗೇ ಕರೆತಂದರು. ಇಬ್ಬರೂ ನನ್ನ ಅಂಗಡಿಯಲ್ಲಿ ಗಂಟಲು ಹರಿದುಕೊಂಡರು. ನಾನು ಗಾಜಿನ ಹಾಳೆಗಳನ್ನು ಮೊದಲು ಒಳಗೆ ಸಾಗಿಸಿ ಆಮೇಲೆ ಚಿಕ್ಕಮ್ಮನನ್ನು ಕರೆಸಿದೆ. ಅವಳು ಬಂದವಳೇ ಕಡ್ಡಿ ಮುರಿದಂತೆ ಹೇಳಿದಳು. “ಮೊದಲು ಅರವತ್ತೆರಡರಲ್ಲಿ ಇತ್ತು. ರೀಡಿಂಗ್ ಎಂಟು ಸಾವಿರದ ನಾನೂರಾ ಹದಿನೇಳು ಇದ್ದಾಗ ಅರವತ್ತಮೂರಕ್ಕೆ ಬಂತು. ಇವರ ಮನೆಯಲ್ಲಿ ಆಗ ಬಣ್ಣ ಹೊಡೀತಿದ್ರು.” ಮರುದಿನ ಏಣಿ ತವರಿಗೆ ಮರಳಿತು.

ಏಣಿಯ ಸುದ್ದಿ ಬಡಾವಣೆಯ ಬಾಯಿಂದ ಬಾಯಿಗೆ ಹೋಯಿತು. ಜನ ತಂಡತಂಡವಾಗಿ ಬಂದರು, ಹೆಚ್ಚಿನವರು ತಮ್ಮ ಕಳೆದ ಸಾಮಾನು ಹುಡುಕಿಕೊಂಡು. ಆದರೆ ಎಲ್ಲರೂ ಜಗಳಕ್ಕೇ ಬರಲಿಲ್ಲ. ಹೊಲಿಗೆ ಕೆಲಸದ ಒಬ್ಬ ಹೆಂಗಸು ಇಪ್ಪತ್ತೊಂಬತ್ತನೆಯ ನಂಬರಿನ ಮುಂದೆ ನಿಂತು ಒಂದು ಗಿಡ್ಡ ಮಣೆಯನ್ನೇ ನೋಡುತ್ತಿದ್ದಳು. ಅವಳ ಅಮ್ಮ ಬಟ್ಟೆ ಒಗೆಯುವಾಗ ಕೂರುತ್ತಿದ್ದ ಮಣೆ. “ಇದನ್ನು ನಾವೇ ಒಲೆಗೆ ಹಾಕಿದ್ವಿ,” ಎಂದಳು. ಅತ್ತಳು. ನನ್ನ ಮುಂದೆ ಯಾರಾದರೂ ಅತ್ತರೆ ನನಗೆ ಸಿಟ್ಟು ಬರುತ್ತದೆ, ಏನು ಮಾಡಬೇಕೆಂದು ತೋಚುವುದಿಲ್ಲ. ಚಿತ್ರವನ್ನು ಕೆಳಗಿಳಿಸಿ ಅವಳ ಕೈಗೆ ಕೊಟ್ಟು, ಬೇಗ ಹೋಗಮ್ಮ, ಅಂಗಡಿ ಮುಚ್ಚಬೇಕು ಎಂದೆ. ಬೆಳಗಿನ ಹನ್ನೊಂದು ಗಂಟೆ ಆಗಿತ್ತು.

ಕೊನೆಗೆ ಬಡಾವಣೆಯ ಗ್ರಂಥಾಲಯದವರು ತಮ್ಮ ಓದುವ ಕೋಣೆಯಲ್ಲಿ ಒಂದು ವಾರ ಚಿತ್ರಗಳನ್ನೆಲ್ಲ ತೂಗುಹಾಕುತ್ತೇವೆಂದು ಕೇಳಿಕೊಂಡರು. ಇಪ್ಪತ್ತಮೂರು ಚಿತ್ರಗಳಿದ್ದವು. ಗೋಡೆಯಲ್ಲಿ ಇಪ್ಪತ್ತನಾಲ್ಕಕ್ಕೆ ಜಾಗವಿತ್ತು. ಅಂಗಡಿಯಲ್ಲಿ ಎಲ್ಲವನ್ನೂ ಹರಡಿಕೊಂಡು ನೋಡುತ್ತಿದ್ದಾಗ ನನ್ನ ತಂಗಿ ಕೇಳಿದಳು.

“ಅಮ್ಮಾ, ನಮ್ಮನೆ ಎಲ್ಲಿ?”

ಚಿಕ್ಕಮ್ಮನ ಮನೆ ಬಡಾವಣೆಯ ಇನ್ನೊಂದು ತುದಿಯಲ್ಲಿತ್ತು. ಇಪ್ಪತ್ತಾರು ವರ್ಷ ಸಂಸಾರ ಮಾಡಿದ ಬಾಡಿಗೆ ಮನೆ. ಚಿಕ್ಕಪ್ಪ ತೀರಿಕೊಂಡ ಮರುವರ್ಷ ರಸ್ತೆ ಅಗಲ ಮಾಡುವವರು ಅದನ್ನು ಕೆಡವಿದರು.

“ಬರೀತೀನಿ,” ಎಂದಳು ಚಿಕ್ಕಮ್ಮ. ಅವಳ ದನಿ ಸಣ್ಣದಾಗಿತ್ತು.

ಹತ್ತು ದಿನ ಅವಳ ಸುಳಿವಿಲ್ಲ. ಹನ್ನೊಂದನೆಯ ದಿನ ಬೆಳಗ್ಗೆ ಬಂದು ನನ್ನ ಮುಂದೆ ಒಂದು ಸುರುಳಿ ಎಸೆದಳು. ಬಿಚ್ಚಿ ನೋಡಿದರೆ ಮುಂದಿನಿಂದ ಬರೆದ ಮನೆ. ನಡುವೆ ಬಾಗಿಲು, ಆ ಕಡೆಗೊಂದು ಕಿಟಕಿ, ಈ ಕಡೆಗೊಂದು ಕಿಟಕಿ.

“ಪೋಸ್ಟ್ ಆಫೀಸ್ ಚೆನ್ನಾಗಿ ಬಂದಿದೆ,” ಎಂದೆ.

ಅವಳು ನಗಲಿಲ್ಲ. ಮೂಲೆಯ ಸ್ಟೂಲಿನ ಮೇಲೆ ಕೂತಳು. “ನಮ್ಮನೆ ಮೀಟರು ನಾನು ನೋಡೇ ಇಲ್ಲ ಕಣೇ,” ಎಂದಳು.

ಕೇಳಿದರೆ ನಗು ಬರುವ ಮಾತು. ಆದರೆ ನಿಜ. ಯಾವ ಮೀಟರ್ ಓದುವವರಿಗೂ ಅವರು ವಾಸಿಸುವ ಬೀದಿಯನ್ನು ಕೊಡಬಾರದೆಂದು ಅವಳ ಆಫೀಸಿನ ನಿಯಮ. ತನ್ನ ಮನೆಯ ಅಂಕಿಯನ್ನು ತಾನೇ ತಿದ್ದಿಕೊಂಡಾಳು ಎಂಬ ಅನುಮಾನ. ಅವಳು ಬೆಳಕು ಹರಿಯುವ ಮುಂಚೆ ಹೊರಟು ದೀಪ ಹಚ್ಚಿದ ಮೇಲೆ ಬರುತ್ತಿದ್ದಳು. ರಜೆಯ ದಿನ ಸಂದಿಯ ಮುಖ ನೋಡುವುದೂ ಅವಳಿಗೆ ಬೇಡವಾಗಿತ್ತು. ನನ್ನ ತಂಗಿಯೋ, ಅಲ್ಲಿ ಹಲ್ಲಿಗಳಿವೆ ಎಂದು ಆ ಕಡೆ ಕಾಲೇ ಇಟ್ಟವಳಲ್ಲ. ಊರವರ ಬಕೆಟ್ಟುಗಳ ಜಾತಕವೆಲ್ಲ ಬಾಯಿಪಾಠ ಇದ್ದವಳಿಗೆ ಸ್ವಂತ ಮನೆಯ ಗೋಡೆಯ ಬಣ್ಣ ಗೊತ್ತಿರಲಿಲ್ಲ.

“ಮನೆ ಹೋಗ್ಲಿ,” ಎಂದಳು. “ಆ ಮನುಷ್ಯನನ್ನು ಎಲ್ಲಿ ಕೂರಿಸ್ಲಿ? ಅದೇ ಗೊತ್ತಾಗ್ತಿಲ್ಲ ನಂಗೆ.”

ಆ ಮನುಷ್ಯ ಎಂದರೆ ಚಿಕ್ಕಪ್ಪ. ಅಚ್ಚುಕೂಟದಲ್ಲಿ ಸೀಸದ ಅಕ್ಷರಗಳ ಮೊಳೆ ಜೋಡಿಸುತ್ತಿದ್ದವರು. ಅಚ್ಚುಕೂಟ ಮುಚ್ಚಿದ ಮೇಲೆ ಬೇರೆ ಕೆಲಸ ಸಿಗಲಿಲ್ಲ. ಕೊನೆಯ ಎಂಟು ವರ್ಷ ಮನೆಯಲ್ಲೇ ಇದ್ದರು. ಮಾತು ಕಡಿಮೆ. ನಮ್ಮ ಅಮ್ಮನೂ ಸೇರಿ ಬಳಗವೆಲ್ಲ ಅವರನ್ನು ಕೂತು ತಿನ್ನುವವರ ಪಟ್ಟಿಗೆ ಸೇರಿಸಿತ್ತು.

“ಒಂದಿನ ತುಂಬ ದಣಿದು ಬಂದಿದ್ದೆ,” ಎಂದಳು ಚಿಕ್ಕಮ್ಮ. “ಕಾಲು ಬೊಬ್ಬೆ ಎದ್ದಿತ್ತು. ‘ನೀವು ದಿನವಿಡೀ ಮನೆಯಲ್ಲಿ ಕೂತು ಮಾಡೋದಾದ್ರೂ ಏನು?’ ಅಂದ್ಬಿಟ್ಟೆ. ಅವರು ಎದ್ದು ಒಳಗೆ ಹೋದ್ರು. ನಾನೂ ಮತ್ತೆ ಕೇಳ್ಲಿಲ್ಲ. ಎಂಟು ವರ್ಷ ಆ ಮನೆಯಲ್ಲಿ ಹಗಲು ಹೊತ್ತು ಅವರು ಏನು ಮಾಡ್ತಿದ್ರು, ಎಲ್ಲಿ ಕೂತ್ಕೊಳ್ತಿದ್ರು, ನಂಗೆ ಇವತ್ತಿಗೂ ಗೊತ್ತಿಲ್ಲ. ಕಣ್ಣು ಮುಚ್ಚಿದ್ರೆ ನಲವತ್ತೇಳರ ಅಜ್ಜ ಬರ್ತಾರೆ, ಎಂಬತ್ತರ ನಾಯಿ ಬರುತ್ತೆ. ಇವರು ಬರ್ತಿಲ್ಲ.”

ಅಳು ಬರುವಂತಾದರೆ ನಾನು ಬೈಯುತ್ತೇನೆ. “ಹತ್ತು ದಿನ ಬಾಗಿಲು ಹಾಕ್ಕೊಂಡು ಕೊರಗೋ ಬದಲು ಯಾರನ್ನಾದ್ರೂ ಕೇಳ್ಬಾರದಾ? ನಿಮ್ಮ ಬೀದೀನ ಯಾರು ಓದ್ತಿದ್ರು?”

ಚಿಕ್ಕಮ್ಮ ಹುಳಿ ಕಚ್ಚಿದವಳಂತೆ ಮುಖ ಮಾಡಿದಳು. “ಬೀಗರು.”

ಬೀಗರು ಎಂದರೆ ಮಗಳ ಕಡೆಯ ಸಂಬಂಧವಲ್ಲ. ಅವಳ ಜೊತೆ ಮೀಟರ್ ಓದುತ್ತಿದ್ದ ಒಬ್ಬನ ಅಡ್ಡಹೆಸರು. ಮನೆಗೆ ಬೀಗ ಹಾಕಿದ್ದು ಕಂಡರೆ ಪುಸ್ತಕದ ಷರಾ ಕಾಲಂನಲ್ಲಿ ‘ಬೀಗ’ ಎಂದು ಬರೆದು ಮುಂದೆ ಹೋಗಬಹುದು. ಈ ಮಹಾಶಯ ಬೀದಿಯ ತಲೆಯಲ್ಲಿದ್ದ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಇಡೀ ಬೀದಿಗೆ ಬೀಗ ಜಡಿಯುತ್ತಿದ್ದ. ಹೊಸದಾಗಿ ಬಂದ ಸಾಹೇಬರು ಪುಸ್ತಕ ನೋಡಿ, “ಈ ಬೀದಿಯ ಜನ ಊರು ಬಿಟ್ಟು ಹೋದರಾ?” ಎಂದು ಗಾಬರಿಯಾಗಿದ್ದರಂತೆ. ಅಂದಿನಿಂದ ಆಫೀಸಿನಲ್ಲಿ ಎಲ್ಲರೂ ಅವನನ್ನು ಬೀಗರೇ, ಕೂತ್ಕೊಳ್ಳಿ ಬೀಗರೇ ಎಂದು ಉಪಚರಿಸುತ್ತಿದ್ದರು. ಚಿಕ್ಕಮ್ಮ ಮಾತ್ರ ಎಲ್ಲರೆದುರು ಎದ್ದು ನಿಂತು, “ಈತ ಮನೆಗಳ ಹತ್ರ ಹೋದ್ರೆ ತಾನೇ ಸಾರ್,” ಎಂದು ದೂರು ಕೊಟ್ಟಿದ್ದಳು. ಆಮೇಲೆ ಇಬ್ಬರಿಗೂ ಮಾತಿರಲಿಲ್ಲ.

“ಅವನು ನಮ್ಮನೆಗೆ ಬಂದೇ ಇರಲ್ಲ,” ಎಂದಳು. “ಯಾವ ಮುಖ ಇಟ್ಕೊಂಡು ಹೋಗಿ ಕೇಳ್ಲಿ?”

“ಇರೋದೇ ಒಂದು ಮುಖ. ಅದನ್ನೇ ತೊಳ್ಕೊಂಡು ಬಾ,” ಎಂದು ಅಂಗಡಿಗೆ ಬಾಗಿಲೆಳೆದೆ.

ಬೀಗರ ಮನೆ ನಾಲ್ಕು ಬೀದಿ ಆಚೆ. ಗೇಟಿಗೆ ಕೈಯಗಲದ ಬೀಗ ಹಾಕಿತ್ತು. ನನಗೆ ಹೊಟ್ಟೆ ಹುಣ್ಣಾಗುವಷ್ಟು ನಗು. ಚಿಕ್ಕಮ್ಮ ವಾಪಸು ತಿರುಗುವಷ್ಟರಲ್ಲಿ ಒಳಗಿನಿಂದ ದನಿ ಬಂತು. “ತಳ್ಳಿ, ತಳ್ಳಿ! ಬೀಗ ಸುಮ್ನೆ ನೇತಾಡ್ತಿದೆ!”

ಬನಿಯನ್ನಿನಲ್ಲಿ ರೇಡಿಯೋ ಬಿಚ್ಚಿಕೊಂಡು ಕೂತಿದ್ದ ದಪ್ಪ ಮನುಷ್ಯ ಚಿಕ್ಕಮ್ಮನನ್ನು ಕಂಡು ಗಡಬಡಿಸಿ ಎದ್ದು ಅಂಗಿ ಹುಡುಕಿದ. “ಅಕ್ಕಾ! ನೀವಾ? ಬನ್ನಿ, ಕೂತ್ಕೊಳ್ಳಿ.”

ಚಿಕ್ಕಮ್ಮ ಕೂರಲಿಲ್ಲ. “ನಿಜ ಹೇಳು. ಈಗ ಇಲ್ಲಿ ಯಾವ ಸಾಹೇಬರೂ ಇಲ್ಲ. ನೀನು ನಮ್ಮನೆ ಮೀಟರ್ ಯಾವತ್ತಾದ್ರೂ ನೋಡಿದ್ದೀಯಾ?”

ಬೀಗರು ತಲೆ ಕೆರೆದುಕೊಂಡ. “ಇನ್ನು ಮುಚ್ಚಿಟ್ಟು ಏನಾಗ್ಬೇಕು ಅಕ್ಕಾ? ಆ ಬೀದಿಯಲ್ಲಿ ನಾನು ಸರಿಯಾಗಿ ನೋಡಿರೋದು ಎರಡೇ. ಒಂದು ಟೀ ಅಂಗಡಿ, ಇನ್ನೊಂದು ನಿಮ್ಮನೆ ಸಂದಿ.”

“ಸುಳ್ಳು.”

“ಪುಸ್ತಕ ನೋಡಿರ್ಲಿಲ್ವಾ ನೀವು? ಬೀದಿಗೆಲ್ಲ ಬೀಗ, ನಿಮ್ಮನೆಗೊಂದಕ್ಕೆ ರೀಡಿಂಗು.”

“ನನ್ನ ಭಯಕ್ಕೆ ಏನೋ ಒಂದು ಅಂಕಿ ಗೀಚಿದ್ದೀಯಾ ಅಂದ್ಕೊಂಡಿದ್ದೆ.”

“ಗೀಚೋಕೆ ಭಾವ ಬಿಡ್ಬೇಕಲ್ಲ! ಆರನೇ ತಾರೀಖು ಬಂತು ಅಂದ್ರೆ ಟೀ ಅಂಗಡಿಗೇ ಬಂದು ರಟ್ಟೆ ಹಿಡ್ಕೊಂಡು ಕರ್ಕೊಂಡು ಹೋಗೋರು.”

ಚಿಕ್ಕಮ್ಮ ಈಗ ಕೂತಳು. ಚೀಲದಿಂದ ಪೆನ್ನು, ನೋಟ್‌ಬುಕ್ಕು ತೆಗೆದಳು. ಗೋಡೆ ಯಾವ ಬಣ್ಣ ಎಂದು ಕೇಳಿದಳು. ಹಸಿರು, ಕೆಳಗಡೆ ಒಂದು ಮೊಳ ಸುಣ್ಣ ಎದ್ದಿತ್ತು ಎಂದ. ಮೀಟರು ಎಷ್ಟು ಎತ್ತರ? ನಿಮ್ಮ ಭುಜದಷ್ಟು, ಮೇಲೆ ತಗಡಿನ ಮುಚ್ಚಳ, ಭಾವ ಎಣ್ಣೆ ಡಬ್ಬ ಕತ್ತರಿಸಿ ಮಾಡಿದ್ದು. ಬಕೆಟ್ಟು? ಒಂದು, ತಳ ಸೋರ್ತಿತ್ತು, ಅದರಲ್ಲಿ ಗಿಡ ಇಟ್ಟಿದ್ರು.

“ನಮ್ಮನೆಯಲ್ಲಿ ಗಿಡ ಇತ್ತಾ?” ಚಿಕ್ಕಮ್ಮ ಪೆನ್ನು ನಿಲ್ಲಿಸಿದಳು.

“ಹಳದಿ ಹೂವು. ಹೆಸರು ನಂಗೊತ್ತಿಲ್ಲ.”

ಬರೆದುಕೊಂಡಳು. ಆಮೇಲೆ ಪುಸ್ತಕದಿಂದ ತಲೆಯೆತ್ತದೆ ಕೇಳಿದಳು. “ಅವರು?”

“ಮೀಟರ್ ಕೆಳಗೇ ಇರ್ತಿದ್ರು. ಅಚ್ಚಿನ ಮೊಳೆ ಇಡೋ ಹಳೇ ಮರದ ಪೆಟ್ಟಿಗೆ ಬೋರಲು ಹಾಕ್ಕೊಂಡು, ಅದರ ಮೇಲೆ. ಬೀದಿ ಕಾಣೋದು ಅಲ್ಲಿಂದ್ಲೇ. ಪೋಸ್ಟಿನವನು, ನಾನು, ಕಸದ ಗಾಡಿಯವಳು, ಯಾರು ಬಿಸಿಲಲ್ಲಿ ಬಂದ್ರೂ ಕರೆದು ಪೆಟ್ಟಿಗೆ ಮೇಲೆ ಕೂರಿಸಿ ತಾವು ನಿಂತ್ಕೊಳ್ಳೋರು. ಒಂದು ಲೋಟ ನೀರು ಕೊಡೋರು. ನಾನು ಕುಡಿಯೋವಾಗ ಕೇಳೋರು, ಇವತ್ತು ಅವಳಿಗೆ ಯಾವ ಬೀದಿ, ಅಲ್ಲಿ ನೆರಳಿದೆಯಾ, ನಾಯಿ ಇದೆಯಾ ಅಂತ. ‘ನಾನಿಲ್ಲಿ ಒಬ್ಬರಿಗೆ ನೀರು ಕೊಟ್ರೆ ಅಲ್ಲಿ ಅವಳಿಗೂ ಯಾರೋ ಕೊಡ್ತಾರೆ’ ಅನ್ನೋರು.”

ಚಿಕ್ಕಮ್ಮ ಏನೂ ಬರೆದುಕೊಳ್ಳಲಿಲ್ಲ.

“ಒಂದ್ಸಲ ಅವಸರ ಇತ್ತು ಅಂತ ನಿಮ್ಮನೆಗೂ ಬೀಗ ಅಂತ ಬರೆದ್ಬಿಟ್ಟೆ,” ಎಂದ ಬೀಗರು. “ಭಾವ ಪುಸ್ತಕ ಇಣುಕಿ ನೋಡಿದ್ರು. ಅವರು ನನ್ನ ಗದರಿದ್ದು ಅದೊಂದೇ ಸಲ. ‘ಬೀಗ ಅಂತ ಯಾಕೆ ಬರೀತೀಯಾ, ನಾನಿಲ್ವಾ? ಅವಳು ಆಫೀಸಲ್ಲಿ ಈ ಪುಸ್ತಕ ನೋಡ್ತಾಳೆ. ಮನೆಯಲ್ಲಿ ಇದ್ದಾರೆ ಅಂತ ಬರಿ’ ಅಂದ್ರು. ಹಾಗೆ ಬರೆಯೋಕೆ ಕಾಲಂ ಇಲ್ಲ ಭಾವ ಅಂದೆ. ‘ಸರಿ, ಹಾಗಾದ್ರೆ ರೀಡಿಂಗ್ ಬರಿ, ಅದರಲ್ಲೇ ಗೊತ್ತಾಗುತ್ತೆ ಅವಳಿಗೆ’ ಅಂದ್ರು.”

“ಗೊತ್ತಾಗ್ಲಿಲ್ಲವಲ್ಲೋ,” ಎಂದಳು ಚಿಕ್ಕಮ್ಮ. “ಒಂದು ಮಾತು ನನ್ನ ಹತ್ರ ಹೇಳ್ಬಾರದಿತ್ತಾ ಈ ಮನುಷ್ಯ?” ಎಂದು ಜೋರಾಗಿ, ಪಕ್ಕದ ಮನೆಗೆ ಕೇಳುವ ಹಾಗೆ, ಗಂಡನನ್ನು ಬೈದಳು. ಬೈಯುತ್ತಲೇ ಅತ್ತಳು. ನಾನು ಆ ಬಿಚ್ಚಿದ ರೇಡಿಯೋವನ್ನು ಬಹಳ ಆಸಕ್ತಿಯಿಂದ ನೋಡುತ್ತಾ ನಿಂತೆ. ಅದರಲ್ಲಿ ನನಗೆ ಏನೂ ಸರಿಯಾಗಿ ಕಾಣಿಸುತ್ತಿರಲಿಲ್ಲ.

ನಾಲ್ಕು ದಿನದಲ್ಲಿ ಚಿತ್ರ ಬಂತು. ಹಸಿರು ಗೋಡೆ, ತಗಡಿನ ಮುಚ್ಚಳ, ಸೋರುವ ಬಕೆಟ್ಟಿನಲ್ಲಿ ಹಳದಿ ಹೂವು. ಬೋರಲು ಹಾಕಿದ ಪೆಟ್ಟಿಗೆ ಖಾಲಿ. ಅದರ ಪಕ್ಕದಲ್ಲಿ ಚಿಕ್ಕಪ್ಪ ನಿಂತಿದ್ದಾರೆ. ಕಾಲು ಎರಡೂ ಒಂದೇ ಕಡೆಗೆ ತಿರುಗಿವೆ, ಕೈ ಅಗತ್ಯಕ್ಕಿಂತ ಉದ್ದವಾಗಿದೆ, ಚಿಕ್ಕಮ್ಮ ಮನುಷ್ಯರನ್ನು ಬರೆದದ್ದು ಅದೇ ಮೊದಲು. ಆ ಉದ್ದನೆಯ ಕೈಯಲ್ಲಿ ತುಂಬಿದ ಲೋಟ, ನೋಡುವವರ ಕಡೆಗೆ ಚಾಚಿದೆ. ಮೀಟರಿನೊಳಗೆ ಅಂಕಿಗಳಿಲ್ಲ. ಅದು ಬೀಗರಿಗೂ ನೆನಪಿರಲಿಲ್ಲ, ಸುಳ್ಳು ರೀಡಿಂಗ್ ಬರೆಯಲು ಚಿಕ್ಕಮ್ಮನಿಗೆ ಮನಸ್ಸು ಬರಲಿಲ್ಲ.

ನನ್ನ ತಂಗಿ ತುಂಬ ಹೊತ್ತು ನೋಡಿ, “ಅಪ್ಪನ ಕೈ ಇಷ್ಟುದ್ದ ಇತ್ತಾ?” ಎಂದಳು.

“ಇತ್ತು,” ಎಂದಳು ಚಿಕ್ಕಮ್ಮ.

ಗ್ರಂಥಾಲಯದವರು ಪ್ರತಿ ಚಿತ್ರದ ಕೆಳಗೆ ಅಂಟಿಸಲು ಚೀಟಿ ಕೇಳಿದ್ದರು. ಉಳಿದ ಇಪ್ಪತ್ತಮೂರಕ್ಕೂ ಚಿಕ್ಕಮ್ಮ ಮನೆಯ ನಂಬರು ಬರೆದು ಮುಗಿಸಿದ್ದಳು. ಇದಕ್ಕೆ ಏನು ಬರೆಯುತ್ತಾಳೋ ಎಂದು ಗಾಜು ಒರೆಸುತ್ತಾ ಕಾದೆ. ಕಿವಿಯ ಮೇಲಿನ ಪೆನ್ನು ತೆಗೆದಳು. ಆಫೀಸಿನ ಪುಸ್ತಕದಲ್ಲಿ ಷರಾ ಬರೆಯುವಷ್ಟೇ ಸಣ್ಣ ಅಕ್ಷರದಲ್ಲಿ, ಒತ್ತಿ, ‘ಮನೆಯಲ್ಲಿ ಇದ್ದಾರೆ’ ಎಂದು ಬರೆದು ನನ್ನ ಕೈಗಿಟ್ಟಳು. ಚೀಟಿ ಹೊರಗೆ ಅಂಟಿಸಿದರೆ ಯಾರಾದರೂ ಕಿತ್ತಾರು ಎಂದು ನಾನು ಅದನ್ನು ಕಟ್ಟಿನ ಒಳಗೇ ಇಟ್ಟು ಗಾಜು ಮುಚ್ಚಿ ಮೊಳೆ ಹೊಡೆದೆ.